ನರ್ಸ್‌ಗಳು ಜಾಸ್ತಿ ಓದಿದ್ದರೆ ರೋಗಿಗೆ ನಿಜವಾಗಿ ಲಾಭ ಇದೆಯಾ?

ಇದೆ. 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಆಪರೇಷನ್ ಆದ 4 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ್ದರು. ಪದವಿ ಓದಿದ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದ ಕಡೆ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಕಡಿಮೆ ಇತ್ತು. ಪ್ರತಿ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದರೆ ಅದೇ ಸಂಭವ ಶೇ. 7ರಷ್ಟು ಹೆಚ್ಚು.

ಯಾಕೆ ಅಂದರೆ, ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ರಾತ್ರಿಯಿಡೀ ವಾರ್ಡಿನಲ್ಲಿ ಇರುವವರು ಸಿಸ್ಟರ್ ಅಲ್ವಾ? ಆಪರೇಷನ್ ಆದವರ ಉಸಿರಾಟ ಜೋರಾಗಿದೆ, ಬಿಪಿ ಇಳಿಯುತ್ತಿದೆ, ಮೂತ್ರ ಕಡಿಮೆಯಾಗಿದೆ. ಇವನ್ನು ಚಾರ್ಟಿನಲ್ಲಿ ಸುಮ್ನೆ ಬರೆದಿಡುವುದು ಬೇರೆ. ಮೂರನ್ನೂ ಸೇರಿಸಿ ನೋಡಿ, ಇದು ಸೆಪ್ಸಿಸ್ (ಸೋಂಕಿನಿಂದ ದೇಹದ ಅಂಗಗಳೇ ಕೆಡುವ ಸ್ಥಿತಿ) ಇರಬಹುದು ಎಂದು ಆಗಲೇ ಡಾಕ್ಟರಿಗೆ ಫೋನ್ ಮಾಡುವುದು ಬೇರೆ. ಅಲ್ಲಿ ಒಂದು ಗಂಟೆ ತಡವಾದರೂ ಜೀವಕ್ಕೆ ಅಪಾಯ.

ನಮ್ಮಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ 3 ವರ್ಷ, ಬಿಎಸ್ಸಿ ನರ್ಸಿಂಗ್ ಪದವಿ 4 ವರ್ಷ. ಆದರೆ ಬರೀ ಸರ್ಟಿಫಿಕೇಟ್ ನೋಡಬೇಡಿ. ರೋಗಿಗಳೇ ಇಲ್ಲದ ವಾರ್ಡಿನಲ್ಲಿ ಕಲಿತವರಿಗೆ ಈ ಕಣ್ಣು ಬರುವುದು ಕಷ್ಟ. ಮಕ್ಕಳನ್ನು ನರ್ಸಿಂಗ್‌ಗೆ ಸೇರಿಸುವವರು ಫೀಸ್‌ಗಿಂತ ಮೊದಲು ಇದನ್ನು ಕೇಳಿ: ಕ್ಲಿನಿಕಲ್ ಪೋಸ್ಟಿಂಗ್ (ರೋಗಿಗಳ ಜೊತೆ ಕೆಲಸ ಮಾಡಿ ಕಲಿಯುವ ತರಬೇತಿ) ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಎಷ್ಟು ಬೆಡ್ ತುಂಬಿರುತ್ತವೆ?