ಫ್ಲಾಪ್ ಶೋ ಭಟ್ಟಿ, ನಮ್ಮ ಟಾನಿಕ್ ಬಿಲ್ಲು

ಪ್ರಶ್ನೆ: ತಾತ ಹೇಳಿದರು ಅಂತ ಜಸ್ಪಾಲ್ ಭಟ್ಟಿಯ 'ಫ್ಲಾಪ್ ಶೋ' ಯೂಟ್ಯೂಬ್‌ನಲ್ಲಿ ನೋಡಿದೆ. ರಾಜಕೀಯ ವಿಡಂಬನೆ ಅಂತಾರೆ. ಆದರೆ ನಾನು ನೋಡಿದ್ದರಲ್ಲಿ ಯಾವ ನಾಯಕನ ಹೆಸರೂ ಇಲ್ಲ, ಪಕ್ಷದ ಹೆಸರೂ ಇಲ್ಲ. ರಾಜಕೀಯ ಎಲ್ಲಿದೆ?
— ಕಾಲೇಜು ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ನಿಮ್ಮ ತಾತ ಸರ್ಕಾರಿ ನೌಕರಿಯಲ್ಲಿದ್ದರಾ? ಹಾಗಿದ್ದರೆ ಅವರನ್ನೇ ಕೇಳಿ. ಬಾಯಿ ಬಿಡದಿದ್ದರೆ ಇದನ್ನು ಓದಿ.

ಹಾಸ್ಯಗಾರ ಭಟ್ಟಿಯ 'ಫ್ಲಾಪ್ ಶೋ' ಅನ್ನುವ ಹಿಂದಿ ಧಾರಾವಾಹಿ ದೂರದರ್ಶನದಲ್ಲಿ ಬಂದದ್ದು 1989ರಲ್ಲಿ. ಹತ್ತೇ ಕಂತು. ನಾನಾಗ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಸಿಬ್ಬಂದಿಯ ಮೆಡಿಕಲ್ ಬಿಲ್ಲುಗಳು ನನ್ನ ಟೇಬಲ್ ದಾಟಿಯೇ ಖಜಾನೆಗೆ ಹೋಗಬೇಕಿತ್ತು. ಭಟ್ಟಿಯ ಒಂದು ಕಂತು ಇದರ ಮೇಲೆಯೇ ಇತ್ತು. ಸುಳ್ಳು ಬಿಲ್ಲು ಮಾಡಿಸಿ ದುಡ್ಡು ಎತ್ತುವ ನೌಕರರ ಕಥೆ.

ಮಾರನೇ ದಿನ ಕಚೇರಿಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಬೇರೆ ವಾರ ಆಗಿದ್ದರೆ ಕಾಫಿ ಬರುವಷ್ಟರಲ್ಲಿ ಇಡೀ ಕಂತನ್ನು ಅಭಿನಯಿಸಿ ತೋರಿಸುತ್ತಿದ್ದರು! ಮಧ್ಯಾಹ್ನ ಪಕ್ಕದ ವಿಭಾಗದವರೊಬ್ಬರು ಮೆಲ್ಲಗೆ ಬಂದರು. 'ಮೇಡಂ, ನಂದೊಂದು ಬಿಲ್ಲು ಇದೆಯಲ್ಲಾ, ಸೈನ್ ಬಿಟ್ಟುಹೋಗಿದೆ, ಒಂಚೂರು ಕೊಡಿ' ಅಂದರು. ತೆಗೆದು ನೋಡಿದೆ. ಎಸೆನ್ಷಿಯಾಲಿಟಿ ಸರ್ಟಿಫಿಕೇಟಿನಲ್ಲಿ, ಅಂದರೆ ಈ ಔಷಧಿ ಬೇಕೇ ಬೇಕಿತ್ತು ಅಂತ ಡಾಕ್ಟರು ಕೊಡುವ ಚೀಟಿಯಲ್ಲಿ, ಸೈನು, ಸೀಲು ಎಲ್ಲ ಸರಿಯಾಗಿಯೇ ಇತ್ತು. ಆರು ಬಾಟಲಿ ಟಾನಿಕ್. ಸೋಪು, ಪೌಡರ್, ಮಕ್ಕಳ ಬಿಸ್ಕತ್ತು ಕೊಂಡರೂ ಟಾನಿಕ್ ಅಂತ ಬರೆದುಕೊಡುವ ಅಂಗಡಿಗಳಿದ್ದ ಕಾಲ ಅದು. ಸುಮ್ನೆ ವಾಪಸ್ ಕೊಟ್ಟೆ. ಮುಂದಿನ ತಿಂಗಳು ಬಿಲ್ಲು ಮತ್ತೆ ಬಂತು. ಮೂರು ಬಾಟಲಿ ಆಗಿತ್ತು.

ಆ ವರ್ಷ ನಮ್ಮಲ್ಲಿ ಏನೇನಾಯಿತು ಗೊತ್ತಾ? ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ, ಆಮೇಲೆ ರಾಷ್ಟ್ರಪತಿ ಆಳ್ವಿಕೆ, ನವೆಂಬರ್‌ನಲ್ಲಿ ಚುನಾವಣೆ, ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ವಿಧಾನಸೌಧದಲ್ಲಿ ಇಷ್ಟೆಲ್ಲ ಆಗುವಾಗಲೂ ಟಾನಿಕ್ ಬಿಲ್ಲುಗಳು ಅವುಗಳ ಪಾಡಿಗೆ ಬರುತ್ತಲೇ ಇದ್ದವು. ಭಟ್ಟಿ ಕೈ ಹಾಕಿದ್ದು ಅಲ್ಲಿಗೆ. ರಾಜಕೀಯ ಅಲ್ಲದೆ ಮತ್ತೇನು ಅದು?

ಇನ್ನೊಂದು ಗಮನಿಸಿ. ಆ ಮನುಷ್ಯ ಎದುರಿಗೆ ನಿಂತು ಬೈಯುವುದಿಲ್ಲ. ಕಳ್ಳನ ಪಾತ್ರ ತಾನೇ ಹಾಕಿಕೊಳ್ಳುತ್ತಾನೆ. ಪಿಎಚ್‌ಡಿ ಕಂತಿನಲ್ಲಿ ಗೈಡ್ ಆಗಿ, ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುತ್ತಾನೆ. ಸಾಲದು ಅಂತ ಹೆಂಡತಿಯ ತಂಗಿಯನ್ನು ಅವನಿಗೇ ಗಂಟು ಹಾಕಲು ನೋಡುತ್ತಾನೆ. ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲ, ನಗುವೂ ಇಲ್ಲ. ಕಂತು ಶುರುವಾಗುವಾಗ ಅಂಥ ಮಹನೀಯರಿಗೇ ಅರ್ಪಣೆ, ಮುಗಿಯುವಾಗ ಹಿಂದಿ ಸಿನಿಮಾ ಹಾಡಿನ ಅಣಕು. ಹೆಂಡತಿ ಸವಿತಾ ಭಟ್ಟಿ ಜೊತೆಗೆ ನಟಿಸಿದ್ದೂ ಅಲ್ಲದೆ ನಿರ್ಮಾಪಕಿಯೂ ಅವರೇ. ಜೊತೆಗಿದ್ದ ನಟ ವಿವೇಕ್ ಶೌಕ್ ಅವರನ್ನೂ ಮರೆಯಬೇಡಿ. ಆ ಹುಡುಗನ ಪೆಚ್ಚು ಮುಖ ಇಲ್ಲದಿದ್ದರೆ ಅರ್ಧ ನಗು ಕಮ್ಮಿ.

ಪ್ರಶ್ನೆ: ಸರ್ಕಾರದ ಟಿವಿಯಲ್ಲೇ ಸರ್ಕಾರಿ ವ್ಯವಸ್ಥೆಯನ್ನು ಗೇಲಿ ಮಾಡಲು ಬಿಟ್ಟದ್ದು ಹೇಗೆ?
— ನಿವೃತ್ತ ಶಿಕ್ಷಕಿ, ಹನುಮಂತನಗರ

ಉತ್ತರ: ಅಷ್ಟು ಹೊತ್ತಿಗೆ ಭಟ್ಟಿ ದೂರದರ್ಶನಕ್ಕೆ ಹೊಸಬರಲ್ಲ. ಹುಟ್ಟಿದ್ದು 1955ರಲ್ಲಿ, ಅಮೃತಸರದಲ್ಲಿ. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದವರು. ಓದುವಾಗಲೇ 'ನಾನ್‌ಸೆನ್ಸ್ ಕ್ಲಬ್' ಕಟ್ಟಿಕೊಂಡು ಬೀದಿಯಲ್ಲಿ ಆಡಿದರು, 'ದಿ ಟ್ರಿಬ್ಯೂನ್' ಪತ್ರಿಕೆಗೆ ಕಾರ್ಟೂನು ಬರೆದರು. ಆಮೇಲೆ ದೂರದರ್ಶನದಲ್ಲಿ 'ಉಲ್ಟಾ ಪುಲ್ಟಾ' ಅನ್ನುವ ತುಣುಕುಗಳು. ಕಾರ್ಟೂನಿಸ್ಟನ ಕೈ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಒಂದೇ ಐಡಿಯಾ, ಚಕ್ ಅಂತ ಮುಗೀತು.

ಬಿಟ್ಟದ್ದು ಯಾಕೆ ಅಂದರೆ, ನನ್ನ ಲೆಕ್ಕದಲ್ಲಿ, ಯಾವ ಅಧಿಕಾರಿಗೂ 'ಇದು ನನ್ನ ಬಗ್ಗೆ' ಅಂತ ದೂರು ಕೊಡುವ ಹಾಗಿರಲಿಲ್ಲ. ಕೊಟ್ಟರೆ ಒಪ್ಪಿಕೊಂಡ ಹಾಗೆ!

ಪ್ರಶ್ನೆ: ಭಟ್ಟಿ ಪಕ್ಷವನ್ನೂ ಕಟ್ಟಿದ್ದರಂತೆ, ನಿಜವೇ?
— ಆಟೋ ಚಾಲಕ, ಯಶವಂತಪುರ

ಉತ್ತರ: ಒಂದಲ್ಲ ಸ್ವಾಮಿ! ಹವಾಲಾ ಪಾರ್ಟಿ, ಸೂಟ್‌ಕೇಸ್ ಪಾರ್ಟಿ, 2009ರ ಲೋಕಸಭಾ ಚುನಾವಣೆ ಹೊತ್ತಿಗೆ ರಿಸೆಷನ್ (ಆರ್ಥಿಕ ಹಿಂಜರಿತ) ಪಾರ್ಟಿ. ಎಲ್ಲ ತಮಾಷೆಗೆ. ಅದೇ ವರ್ಷ ಚಂಡೀಗಢದ ಕಾರ್ನಿವಲ್‌ನಲ್ಲಿ ತರಕಾರಿ, ಬೇಳೆ, ಅಡುಗೆ ಎಣ್ಣೆಯನ್ನು ಸಾಲಾಗಿ ಇಟ್ಟರು. ಜನ ರಿಂಗ್ ಎಸೆದು ಗೆಲ್ಲಬೇಕು. ನಮ್ಮ ಕಡಲೆಕಾಯಿ ಪರಿಷೆಯಲ್ಲಿ ಸೋಪಿನ ಡಬ್ಬಕ್ಕೆ ರಿಂಗ್ ಎಸೆಯುತ್ತೇವಲ್ಲ, ಹಾಗೇ. ಬೆಲೆ ಏರಿಕೆ ವಿರುದ್ಧ ನಮ್ಮ ಟೌನ್‌ಹಾಲ್ ಎದುರು ಎಷ್ಟು ಧರಣಿ ನೋಡಿದ್ದೇನೋ, ಒಂದೂ ಸರಿಯಾಗಿ ನೆನಪಿಲ್ಲ. ನಾನು ಹೋಗಿ ನೋಡದ ಈ ಆಟ ಮಾತ್ರ ನೆನಪಿದೆ.

ಪ್ರಶ್ನೆ: ಆಮೇಲೆ ಏನಾದರು?
— ಓದುಗರು, ಯಲಹಂಕ

ಉತ್ತರ: ಹಿಂದಿ ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಹೆಂಡತಿ ಜೊತೆ 'ನಚ್ ಬಲಿಯೇ' ಅನ್ನುವ ಟಿವಿ ಡಾನ್ಸ್ ಸ್ಪರ್ಧೆಯಲ್ಲಿ ಕುಣಿದರು. ಅವೆಲ್ಲ ನನಗೆ ಅಷ್ಟು ರುಚಿಸಲಿಲ್ಲ, ಬೇರೆಯವರು ಬರೆದ ಜೋಕಿನಲ್ಲಿ ಅವರು ಎಲ್ಲರ ಹಾಗೆಯೇ ಕಾಣುತ್ತಿದ್ದರು. ಪಂಜಾಬಿನಲ್ಲಿ ಕರೆಂಟ್ ಹೋಗುವ ಕಥೆ ಇಟ್ಟುಕೊಂಡು 'ಪವರ್ ಕಟ್' ಸಿನಿಮಾ ಮಾಡಿದರು, ಮಗನೇ ನಾಯಕ. ಅದರ ಪ್ರಚಾರಕ್ಕೆ ಓಡಾಡುತ್ತಿದ್ದಾಗ 2012ರ ಅಕ್ಟೋಬರ್ 25ರ ನಸುಕಿನಲ್ಲಿ ಜಲಂಧರ್ ಜಿಲ್ಲೆಯ ಶಾಹ್‌ಕೋಟ್ ಹತ್ತಿರ ಕಾರು ಅಪಘಾತವಾಗಿ ತೀರಿಕೊಂಡರು. 57 ವರ್ಷ. ಮಾರನೇ ದಿನ ಸಿನಿಮಾ ಬಿಡುಗಡೆ. 2013ರಲ್ಲಿ ಮರಣೋತ್ತರವಾಗಿ ಪದ್ಮಭೂಷಣ ಬಂತು.

ಪ್ರಶ್ನೆ: ಕನ್ನಡದಲ್ಲಿ ಅಂಥವರು ಯಾರೂ ಇಲ್ಲವೇ?
— ಗೃಹಿಣಿ, ಚಾಮರಾಜಪೇಟೆ

ಉತ್ತರ: ಚಾಮರಾಜಪೇಟೆಯಲ್ಲಿ ಕೂತು ಹೀಗೆ ಕೇಳಬಹುದೇ ತಾಯಿ? ಮಾಸ್ಟರ್ ಹಿರಣ್ಣಯ್ಯನವರು 2019ರ ಮೇ ತಿಂಗಳವರೆಗೂ ನಮ್ಮ ನಡುವೆ ಇದ್ದರು. ಆದರೆ ಅವರದ್ದು ರಂಗದ ದಾರಿ. 'ಲಂಚಾವತಾರ'ದಲ್ಲಿ ಬೆಳಗಿನ ಪೇಪರಿನ ಸುದ್ದಿ ರಾತ್ರಿ ನಾಟಕದ ಮಾತಾಗುತ್ತಿತ್ತು. ಹೆಸರು ಹಿಡಿದೇ ಬಾರಿಸುತ್ತಿದ್ದರು. ಟಿವಿಯಲ್ಲಿ ಆ ಸ್ವಾತಂತ್ರ್ಯ ಎಲ್ಲಿ? ಭಟ್ಟಿಯವರದ್ದು ಬಾಯಿ ಮುಚ್ಚಿಕೊಂಡು ಚಿವುಟುವ ಕೆಲಸ. ಹಿರಣ್ಣಯ್ಯನವರ ಧೈರ್ಯ ಜಾಸ್ತಿ, ಭಟ್ಟಿಯ ಚಿವುಟು ಜಾಸ್ತಿ ದಿನ ಉರಿಯುತ್ತದೆ. ಜಗಳಕ್ಕೆ ಬರುವವರು ಬನ್ನಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ರಾಜಕೀಯ ಕಾಮಿಡಿ ರೀಲ್ಸ್ ಮಾಡಬೇಕು ಅಂತಿದ್ದೇನೆ. ಯಾವ ಮಂತ್ರಿಯಿಂದ ಶುರು ಮಾಡಲಿ?
— ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಮಂತ್ರಿಗಳ ಮಿಮಿಕ್ರಿಗೆ ಆಗಲೇ ಕ್ಯೂ ಇದೆ. ನೀವು ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತುಕೊಳ್ಳಿ. ನೀರಿನ ಟ್ಯಾಂಕರ್ ಕಾಂಟ್ರ್ಯಾಕ್ಟ್ ಯಾರ ಭಾವಮೈದನಿಗೆ ಹೋಯಿತು, ಪೇಂಟಿಂಗ್ ಕೊಟೇಶನ್ ಮೂರೂ ಒಂದೇ ಕೈಬರಹದಲ್ಲಿ ಯಾಕಿದೆ, ಎಲ್ಲ ಬರೆದುಕೊಳ್ಳಿ. ಸೆಕ್ರೆಟರಿಯ ಪಾತ್ರ ನೀವೇ ಮಾಡಿ. ಹಾಕಿದ ಮೇಲೆ ಲಿಫ್ಟಿನಲ್ಲಿ ಯಾರ್ಯಾರು ಮಾತು ಬಿಟ್ಟರು ಅಂತ ನನಗೆ ಬರೆದು ತಿಳಿಸಿ. ಕೆಲಸ ಮಾತ್ರ ಈಗಲೇ ಬಿಡಬೇಡಿ.