ಆಫ್‌ರೋಡ್ ಪಿಕಪ್‌ಗೆ ಎಷ್ಟು ಲಿಫ್ಟ್, ಯಾವ ಅಳತೆಯ ಟೈರ್?

ಮೊದಲು ಟೈರ್ ನಿರ್ಧರಿಸಿ. ಅದು ಎಲ್ಲೂ ಉಜ್ಜದೆ ತಿರುಗಲು ಬೇಕಾದಷ್ಟೇ ಲಿಫ್ಟ್, ಅಂದರೆ ಗಾಡಿ ಎತ್ತರಿಸುವ ಕಿಟ್, ಹಾಕಿಸಿ. ಯಾಕೆಂದರೆ ಲಿಫ್ಟ್ ಕಿಟ್ ಎತ್ತುವುದು ಬಾಡಿ, ಚಾಸಿಗಳನ್ನು. ಆದರೆ ಬಹುತೇಕ ಪಿಕಪ್‌ಗಳಲ್ಲಿ ಕಲ್ಲಿಗೆ ತಗಲುವುದು ಹಿಂದಿನ ಆಕ್ಸಲ್ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್. ಅದನ್ನು ಮೇಲೆತ್ತುವುದು ದೊಡ್ಡ ಟೈರ್, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು ಮಾತ್ರ. 31 ಇಂಚಿನಿಂದ 33ಕ್ಕೆ ಹೋದರೆ ಸಿಗುವುದು ಒಂದೇ ಇಂಚು! ಜೊತೆಗೆ ಎಂಜಿನ್ನಿನ ಎಳೆತ ಕುಗ್ಗುತ್ತದೆ. ಮೀಟರ್ 100 ತೋರಿಸುವಾಗ ಗಾಡಿ ಸುಮಾರು 106ರಲ್ಲಿ ಓಡುತ್ತಿರುತ್ತದೆ.

ಮಣ್ಣು ರಸ್ತೆ, ಸಾಧಾರಣ ಕಲ್ಲುದಾರಿಗೆ 2 ಇಂಚಿನ ಲಿಫ್ಟ್ ಸಾಕು ಅನ್ನುವವನು ನಾನು. ತೀರಾ ಎತ್ತರಿಸಿದರೆ ಎಂಜಿನ್ನಿನ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಡ್ರೈವ್‌ಶಾಫ್ಟ್‌ನ ಕೋನ ಕಡಿದಾಗಿ ಅದರ ಜಾಯಿಂಟ್ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಹೊಸ ಟೈರ್ ಹಾಕಿದ ಮೇಲೆ ಒಂದು ಮುಂದಿನ ಚಕ್ರವನ್ನು ದಿಬ್ಬಕ್ಕೇರಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಿ. ಸಮತಟ್ಟಿನಲ್ಲಿ ಸರಿಯಿದ್ದ ಟೈರ್ ಚಕ್ರದ ಮೇಲಿನ ಫೆಂಡರಿಗೆ ತಾಗುವುದು ಆಗಲೇ.