ಪೇಂಟ್‌ಬಾಲ್ ಮಾರ್ಕರ್‌ನ ಟ್ರಿಗರ್ ಸ್ಕ್ರೂಗಳಿಗೆ ಯಾವ ಥ್ರೆಡ್‌ಲಾಕರ್ ಹಾಕಬೇಕು?

ಆಡುವಾಗ ಮಾರ್ಕರ್‌ನ (ಬಣ್ಣ ತುಂಬಿದ ಗುಂಡು ಹೊಡೆಯುವ ಆಟದ ಬಂದೂಕಿನ) ಟ್ರಿಗರ್‌ನ ಸಣ್ಣ ಸ್ಕ್ರೂಗಳು ತಾವಾಗಿಯೇ ಸರಿದು ಹೊಂದಾಣಿಕೆ ಕೆಡುತ್ತಿದೆ, ಕೆಂಪು ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿಬಿಡಲೇ, ನಮ್ಮ ಕಲಬುರಗಿಯ ಬೇಸಿಗೆಗೆ ಅದು ತಡೆಯುತ್ತದೆಯೇ ಎಂದು ಕೇಳಿದ್ದೀರಿ. ಕೆಂಪನ್ನು ದಯವಿಟ್ಟು ಬಳಸಬೇಡಿ. ನಿಮಗೆ ಬೇಕಾದದ್ದು ನೇರಳೆ ಬಣ್ಣದ, ಕಡಿಮೆ ಬಲದ ಬಗೆ. ಲಾಕ್‌ಟೈಟ್ ಬ್ರಾಂಡಿನಲ್ಲಿ ಅದರ ಸಂಖ್ಯೆ 222. ಇದೇ ಊರಿನಲ್ಲಿ ಸಣ್ಣ ಯಂತ್ರಗಳ ದುರಸ್ತಿ ಮಾಡುವ ನನ್ನ ಬಳಿಗೆ ಬಾಡಿಗೆಗೆ ಕೊಡುವ ಮಾರ್ಕರ್‌ಗಳೂ ಬರುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೊಂದಾಣಿಕೆಯ ಸ್ಕ್ರೂ ಇರುವುದೇ ಮತ್ತೆ ತಿರುಗಿಸಲಿಕ್ಕೆ. ಅದನ್ನು ಹಿಡಿಯುವ ಅಂಟು ಮಾರ್ಕರ್‌ನ ಅದುರುವಿಕೆಗೆ ಜಗ್ಗಬಾರದು, ಆದರೆ ಅಲೆನ್ ಕೀಗೆ ಬಿಟ್ಟುಕೊಡಬೇಕು. ಟ್ರಿಗರ್‌ನಲ್ಲಿರುವ ತಲೆಯಿಲ್ಲದ ಗ್ರಬ್ ಸ್ಕ್ರೂಗಳಲ್ಲಿ ಕೀ ಕೂರುವ ಗುಳಿ ಎಷ್ಟು ಚಿಕ್ಕದೆಂದರೆ, ಅಂಟಿನ ಹಿಡಿತ ಕೊಂಚ ಹೆಚ್ಚಾದರೂ ಸ್ಕ್ರೂ ಅಲುಗುವ ಮೊದಲೇ ಗುಳಿಯ ಮೂಲೆಗಳು ಸವೆದು ದುಂಡಗಾಗುತ್ತವೆ. ಕೆಂಪು ಬಗೆಯನ್ನು ಬಿಡಿಸಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಪಕ್ಕದಲ್ಲೇ ಮೈಕ್ರೋಸ್ವಿಚ್, ಸರ್ಕ್ಯೂಟ್ ಬೋರ್ಡ್, ರಬ್ಬರ್‌ನ ಓ-ರಿಂಗ್‌ಗಳಿರುವಾಗ ಅಷ್ಟು ಶಾಖ ಕೊಡುವಂತಿಲ್ಲ. ನೀಲಿ ಬಣ್ಣದ 242 ಅಥವಾ 243 ಹಿಡಿಕೆಯನ್ನು ಬಿಗಿಯುವ ದೊಡ್ಡ ಸ್ಕ್ರೂಗಳಿಗೆ ಸರಿಹೋಗುತ್ತದೆ. ಫೆವಿಕ್ವಿಕ್‌ನಂಥ ಅಂಟು ಈ ಕೆಲಸಕ್ಕೆ ಆಗಿಬರುವುದಿಲ್ಲ.

ಮೊದಲು ಏರ್ ಟ್ಯಾಂಕ್ ಬಿಚ್ಚಿ, ಒಳಗೆ ಉಳಿದ ಗಾಳಿಯನ್ನು ಸುರಕ್ಷಿತ ದಿಕ್ಕಿಗೆ ಹೊಡೆದು ಖಾಲಿ ಮಾಡಿ, ಗುಂಡುಗಳ ಹಾಪರ್ ತೆಗೆದಿಡಿ. ಅಂಟಿನ ಗೊಡವೆಯಿಲ್ಲದೆ ಟ್ರಿಗರನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಿ. ಬಳಿಕ ಸ್ಕ್ರೂವನ್ನು ಹೊರತೆಗೆಯುವಾಗ ಎಷ್ಟು ಸುತ್ತು ಬಂತೆಂದು, ಕಾಲು ಸುತ್ತನ್ನೂ ಬಿಡದೆ, ಎಣಿಸಿ ಬರೆದಿಟ್ಟುಕೊಳ್ಳಿ. ಟ್ರಿಗರನ್ನು ಚೌಕಟ್ಟಿನಿಂದ ಬಿಡಿಸಿಯೇ ಈ ಕೆಲಸ ಮಾಡುವುದು ಒಳ್ಳೆಯದು, ಏಕೆಂದರೆ ಹೆಚ್ಚಾದ ಹನಿ ಹರಿದು ಮೈಕ್ರೋಸ್ವಿಚ್ ಒಳಗೆ ಹೋದರೆ ಸ್ವಿಚ್ಚೇ ಕೆಡಬಹುದು. ನಮ್ಮ ಕಡೆಯ ಕಪ್ಪು ಮಣ್ಣಿನ ಧೂಳು ಗ್ರೀಸಿನೊಂದಿಗೆ ಸೇರಿ ಥ್ರೆಡ್ಡಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೆಯ ಬ್ರಷ್‌ನಿಂದ ಅದನ್ನೂ ಹಳೆಯ ಅಂಟಿನ ಪುಡಿಯನ್ನೂ ತೆಗೆದು ಪೂರ್ತಿ ಒಣಗಲು ಬಿಡಿ. ಬಾಟಲಿಯ ಮೂತಿಯನ್ನು ನೇರವಾಗಿ ಸ್ಕ್ರೂವಿಗೆ ಹಿಡಿಯಬೇಡಿ. ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟುಕೊಂಡು, ಗುಂಡುಪಿನ್ನಿನ ತುದಿಗೆ ಹತ್ತಿದಷ್ಟನ್ನು ಮಾತ್ರ ನಡುವಿನ ಎರಡು ಥ್ರೆಡ್‌ಗಳಿಗೆ ಸವರಿ, ಎಣಿಸಿದ ಸುತ್ತುಗಳಷ್ಟೇ ಒಳಗೆ ತಿರುಗಿಸಿ, ಉಕ್ಕಿ ಬಂದದ್ದನ್ನು ಒರೆಸಿಬಿಡಿ. ಕಾಗದದ ಮೇಲೆ ಉಳಿದದ್ದನ್ನು ಬಾಟಲಿಗೆ ಮರಳಿ ಹಾಕಬೇಡಿ, ಲೋಹದ ಕಣ ಸೇರಿದರೆ ಉಳಿದ ಅಂಟೂ ಕೆಡುತ್ತದೆ.

ಈ ದ್ರವ ಗಟ್ಟಿಯಾಗಲು ಎರಡು ಬೇಕು: ಗಾಳಿ ಇರಬಾರದು, ಲೋಹ ತಾಗಿರಬೇಕು. ಬಾಟಲಿಯನ್ನು ಪೂರ್ತಿ ತುಂಬದೆ ಕೊಡುವುದು ಒಳಗೆ ಗಾಳಿ ಇರಲೆಂದೇ, ಅದಕ್ಕಾಗಿ ಅಂಗಡಿಯವರನ್ನು ಸಂಶಯಿಸಬೇಕಿಲ್ಲ. ಸಾಮಾನ್ಯ ಉಕ್ಕಿನಲ್ಲಿ ಬೇಗ ಹಿಡಿಯುತ್ತದೆ; ಸ್ಟೇನ್‌ಲೆಸ್ ಸ್ಟೀಲ್ ಮತ್ತು ಆನೊಡೈಸ್ ಮಾಡಿದ ಅಲ್ಯೂಮಿನಿಯಂನಲ್ಲಿ ನಿಧಾನ. ಮಾರ್ಕರ್‌ಗಳಲ್ಲಿ ಇವೇ ಹೆಚ್ಚಾದ್ದರಿಂದ 24 ಗಂಟೆ ಮುಟ್ಟದೆ ಇಡಿ. ಸ್ಕ್ರೂ ಪ್ಲಾಸ್ಟಿಕ್ ಒಳಗೆ ಕೂರುವಂತಿದ್ದರೆ ಥ್ರೆಡ್‌ಲಾಕರ್ ಹಾಕಲೇಬೇಡಿ; ಪಾಲಿಕಾರ್ಬೊನೇಟ್, ಎಬಿಎಸ್‌ನಂಥವು ಅದರಿಂದ ಸೀಳುಬಿಡುತ್ತವೆ.

ನೀವು ಕೇಳದಿದ್ದರೂ ಗುಂಡಿನ ವೇಗ ಹೊಂದಿಸುವ ಸ್ಕ್ರೂವಿನ ಬಗ್ಗೆ ಹೇಳಲೇಬೇಕು. ಅದಕ್ಕೆ ಯಾವ ಬಣ್ಣದ್ದನ್ನೂ ಹಾಕಬೇಡಿ. ಅಲ್ಲಿ ಗಾಳಿಯ ದಾರಿ ಮತ್ತು ಓ-ರಿಂಗ್‌ಗಳಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಬಿಸಿಲು: ಇಂಗಾಲದ ಡೈಆಕ್ಸೈಡ್ ತುಂಬಿದ ಟ್ಯಾಂಕಿನ ಒತ್ತಡ ಬಿಸಿ ಏರಿದಂತೆ ಏರುತ್ತದೆ, ಮೇ ತಿಂಗಳ ಬೆಳಗಿನಲ್ಲಿ ಸರಿಯಿದ್ದ ವೇಗ ಮಧ್ಯಾಹ್ನಕ್ಕೆ ಮಿತಿ ದಾಟಬಹುದು. ಸಾಮಾನ್ಯವಾಗಿ ಒಪ್ಪಿರುವ ಗರಿಷ್ಠ ಮಿತಿ ಸೆಕೆಂಡಿಗೆ 300 ಅಡಿ, ಎಂದರೆ ಸುಮಾರು 91 ಮೀಟರ್. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಅದಕ್ಕಿಂತ ಹೆಚ್ಚು ತೋರಿಸಿದ ಕ್ಷಣವೇ ಆ ಸ್ಕ್ರೂವನ್ನು ತಿರುಗಿಸಲು ಆಗಬೇಕು. ಎದುರಿಗಿರುವವರ ಮೈಗೆ ಸಂಬಂಧಿಸಿದ ಮಾತಿದು.

ಅಂಟಿನ ಮಟ್ಟಿಗೆ ಬಿಸಿಲಿನ ಚಿಂತೆ ಬೇಡ. 222 ಒಮ್ಮೆ ಗಟ್ಟಿಯಾದರೆ 150 ಡಿಗ್ರಿಯವರೆಗೆ ತಾಳುತ್ತದೆ, ನಮ್ಮ 43–44 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಬಾಟಲಿಯನ್ನು ಮಾತ್ರ ತಗಡಿನ ಶೆಡ್ಡಿನಲ್ಲಿ ಬಿಡದೆ ಮನೆಯೊಳಗೆ ತಂಪಾದ ಕಡೆ ಇಡಿ.

ಮರುದಿನ ಗುಂಡು ತುಂಬದೆ, ರಕ್ಷಣೆಯ ಕನ್ನಡಕ ಹಾಕಿಕೊಂಡು, ಗಾಳಿ ಜೋಡಿಸಿ ಪರೀಕ್ಷಿಸಿ. ಟ್ರಿಗರ್‌ನ ಮುಂಭಾಗದ ಸ್ಕ್ರೂ ಹೆಚ್ಚು ಒಳಗೆ ಹೋಗಿದ್ದರೆ ಟ್ರಿಗರ್ ಸದಾ ಒತ್ತಿದಂತೆಯೇ ಇರುತ್ತದೆ. ಹಿಂಭಾಗದ್ದು ಹೆಚ್ಚಾಗಿದ್ದರೆ ಎಷ್ಟು ಎಳೆದರೂ ಹೊಡೆಯುವುದಿಲ್ಲ. ಹಿಡಿಕೆಯನ್ನು ಅಂಗೈಯಿಂದ ತಟ್ಟಿದಾಗ ತಾನಾಗಿ ಹೊಡೆದರೆ ಟ್ರಿಗರ್ ಅತಿ ಸೂಕ್ಷ್ಮವಾಗಿದೆ ಎಂದು ತಿಳಿದು ಸಡಿಲಿಸಿ. ಹಾಗೆ ತಿರುಗಿಸಿದರೆ ಅಂಟಿನ ಹಿಡಿತ ಹೋದಂತೆಯೇ, ತೊಳೆದು ಮತ್ತೆ ಸವರಬೇಕು. ಕೀ ಜಾರುವಂತೆ ಅನಿಸಿದರೆ ಬಲ ಹಾಕಬೇಡಿ. ಬಿಡಿಸಿಟ್ಟ ಟ್ರಿಗರ್‌ನ ಸ್ಕ್ರೂ ಮೇಲೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ವಲ್ಪ ಹೊತ್ತು ಇಟ್ಟು, ಬಿಸಿ ಆರುವ ಮುಂಚೆ ತಿರುಗಿಸಿ.